ಮುಷ್ಟಿಮಲ್ಲರೂ ಬೀದಿಯ ಗಟ್ಟಿಗರೂ

ಬಲವೆಂದರೇನು? ಈ ಪ್ರಶ್ನೆಗೆ ಭೌತವಿಜ್ಞಾನದ ವಿದ್ಯಾರ್ಥಿಯು ಕೊಡುವ ಉತ್ತರ ಒಂದು, ಬೀದಿಯ ಮೂಲೆಯಲ್ಲಿ ತೋಳೇರಿಸಿ ನಿಂತು, "ನನ್ನೆದುರು ನಿಲ್ಲುವವರಾರು?" ಎಂದು ಕೇಳುವವನು ಕೊಡುವ ಉತ್ತರ ಇನ್ನೊಂದು. ಮೊದಲನೆಯವನು ದ್ರವ್ಯರಾಶಿಯನ್ನು ವೇಗೋತ್ಕರ್ಷದಿಂದ ಗುಣಿಸುತ್ತಾನೆ. ಎರಡನೆಯವನು ತನ್ನ ಮೈಕಟ್ಟನ್ನು ತನ್ನ ಕೋಪದಿಂದ ಗುಣಿಸುತ್ತಾನೆ. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆಯು ಇಂತಹವನನ್ನು ಕಂಡು ನಕ್ಕು ಸುಮ್ಮನಾಗುತ್ತದೆ. ಆದರೆ ವಿಜ್ಞಾನವು ನಕ್ಕರೆ ಸಾಲದು, ಅಳೆದು ನೋಡಬೇಕು. ಹತ್ತು ಜನರನ್ನು ಹೆದರಿಸಬಲ್ಲ ದೃಢಕಾಯನೊಬ್ಬನು, ತನಗಿಂತ ಹಗುರನಾದ ಪಳಗಿದ ಮುಷ್ಟಿಮಲ್ಲನ ಎದುರು ಒಂದೆರಡು ನಿಮಿಷಗಳಲ್ಲಿಯೇ ಕುಸಿದುಬೀಳುವುದೇಕೆ? ಈ ಲೇಖನದಲ್ಲಿ ನಾವು ವಿಚಾರಮಾಡಬೇಕೆಂದಿರುವುದು ಇದನ್ನೇ. ಇದಕ್ಕೆ ಬೇಕಾಗುವ ಗಣಿತವು ಪ್ರೌಢಶಾಲೆಯ ಪಾಠಗಳನ್ನು ಮೀರಿದುದಲ್ಲ.

ಚರಿತ್ರೆಯು ನಡೆಸಿದ ಪ್ರಯೋಗಗಳು

ಅಮೆರಿಕದ ಬಾಸ್ಟನ್ ಪ್ರಾಂತದಲ್ಲಿ 1858ರಲ್ಲಿ ಹುಟ್ಟಿದ ಜಾನ್ ಎಲ್. ಸಲಿವನ್ ಎಂಬಾತನು 1882ರಲ್ಲಿ ಪ್ಯಾಡಿ ರಯಾನನನ್ನು ಬರಿಗೈ ಕಾಳಗದಲ್ಲಿ ಸೋಲಿಸಿ ಭಾರತೂಕದ ವಿಭಾಗದಲ್ಲಿ ಅಗ್ರಗಣ್ಯನಾದನು. 1883–84ರಲ್ಲಿ ಅವನು ತನ್ನ ದೇಶದ ಉದ್ದಗಲಕ್ಕೂ ಸಂಚಾರ ಹೊರಟು, ತನ್ನೊಡನೆ ಸೆಣಸಿ ನಿಲ್ಲಬಲ್ಲವರಿಗೆ ಬಹುಮಾನ ಕೊಡುವೆನೆಂದು ಊರೂರಿನಲ್ಲಿಯೂ ಸಾರಿದನು. ಪ್ರತಿಯೊಂದು ಊರಿಗೂ ತನ್ನದೇ ಆದ ಒಬ್ಬ ಗಟ್ಟಿಗನಿರುತ್ತಾನಷ್ಟೆ! ಆದರೂ ಸವಾಲನ್ನು ಸ್ವೀಕರಿಸಿ ಕಣವನ್ನೇರಿದವರು ಕೆಲವರೇ. ಏರಿದವರಲ್ಲಿಯೂ ಬಹುಮಂದಿ ಬೇಗನೆ ನೆಲಕಚ್ಚಿದರು. ಇದನ್ನು ಒಂದು ಪ್ರಯೋಗವೆಂದು ಭಾವಿಸುವುದಾದರೆ, ಅದು ಒಂದೇ ಉಪಕರಣವನ್ನಿಟ್ಟುಕೊಂಡು ಹಲವು ಊರುಗಳಲ್ಲಿ ಮತ್ತೆ ಮತ್ತೆ ನಡೆಸಿದ ಪ್ರಯೋಗ.

ಸಲಿವನ್ನನೇ ಗೆದ್ದನಾದುದರಿಂದ ಬಲಿಷ್ಠನೇ ಗೆಲ್ಲುತ್ತಾನೆಂದು ಯಾರಾದರೂ ಹೇಳಬಹುದು. ಅದಕ್ಕೆ ಉತ್ತರವೂ ಚರಿತ್ರೆಯಲ್ಲಿದೆ. 1892ರ ಸೆಪ್ಟೆಂಬರ್ 7ರಂದು ನ್ಯೂ ಆರ್ಲಿಯನ್ಸ್ ನಗರದಲ್ಲಿ ಜೇಮ್ಸ್ ಕಾರ್ಬೆಟ್ ಎಂಬಾತನು ಸಲಿವನ್ನನನ್ನು 21ನೆಯ ಸುತ್ತಿನಲ್ಲಿ ಕೆಡವಿದನು. ಕಾರ್ಬೆಟ್ ಒಂದು ಕಾಲದಲ್ಲಿ ಬ್ಯಾಂಕಿನ ಗುಮಾಸ್ತೆ; ಎದುರಾಳಿಗಿಂತ 10 ಕಿಲೋಗ್ರಾಮಿಗೂ ಹೆಚ್ಚು ಹಗುರ. ಈ ಕಾರ್ಬೆಟ್ಟನನ್ನು 1897ರ ಮಾರ್ಚ್ 17ರಂದು ಕಾರ್ಸನ್ ಸಿಟಿಯಲ್ಲಿ ಸೋಲಿಸಿದವನು ಬಾಬ್ ಫಿಟ್ಸಿಮನ್ಸ್. ನ್ಯೂಜಿಲೆಂಡಿನಲ್ಲಿ ಬೆಳೆದು ಕಮ್ಮಾರಿಕೆ ಮಾಡಿದ್ದ ಈತನ ತೂಕ ಸುಮಾರು 75 ಕಿಲೋಗ್ರಾಂ ಮಾತ್ರ. 14ನೆಯ ಸುತ್ತಿನಲ್ಲಿ ಎದೆಗೂಡಿನ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿ ಬಿದ್ದ ಒಂದೇ ಒಂದು ಪೆಟ್ಟಿಗೆ ಕಾರ್ಬೆಟ್ ಉಸಿರು ತೆಗೆದುಕೊಳ್ಳಲಾರದೆ ಕುಳಿತುಬಿಟ್ಟನು. 1919ರ ಜುಲೈ 4ರಂದು ಟೊಲಿಡೊ ನಗರದಲ್ಲಿ 85 ಕಿಲೋಗ್ರಾಂ ತೂಗುತ್ತಿದ್ದ ಜ್ಯಾಕ್ ಡೆಂಪ್ಸಿಯು 111 ಕಿಲೋಗ್ರಾಂ ತೂಕದ ಜೆಸ್ ವಿಲರ್ಡನನ್ನು ಮೊದಲನೆಯ ಸುತ್ತಿನಲ್ಲಿಯೇ ಏಳು ಸಲ ನೆಲಕ್ಕುರುಳಿಸಿದನು. ಮೂರನೆಯ ಸುತ್ತು ಮುಗಿದ ಮೇಲೆ ವಿಲರ್ಡನು ಏಳಲಿಲ್ಲ.

ಈ ಪ್ರಯೋಗದ ಇನ್ನೊಂದು ಮುಖವನ್ನೂ ನೋಡೋಣ. 1979ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 'ಟಫ್‌ಮ್ಯಾನ್' ಎಂಬ ಸ್ಪರ್ಧೆಯು ಆರಂಭವಾಯಿತು. ತಮ್ಮನ್ನು ತಾವೇ ಗಟ್ಟಿಗರೆಂದು ಕರೆದುಕೊಳ್ಳುವ ಪಳಗದ ಜನರನ್ನು ಕಣಕ್ಕೆ ಕರೆದು ಹೊಡೆದಾಡಿಸುವುದೇ ಅದರ ಸ್ವರೂಪ. ಅಲ್ಲಿ ಕಂಡುಬಂದುದು ಅಗಲವಾಗಿ ಬೀಸುವ ತೋಳುಗಳು, ಬೇಗನೆ ಹತ್ತುವ ಏದುಸಿರು, ರಕ್ಷಣೆಯಿಲ್ಲದ ತಲೆಗಳು. ಇಂತಹ ಸ್ಪರ್ಧೆಗಳಲ್ಲಿ ಪೆಟ್ಟುತಿಂದು ಹಲವರು ಪ್ರಾಣವನ್ನೇ ಕಳೆದುಕೊಂಡರು. ಕೆಲವು ರಾಜ್ಯಗಳು ಅವನ್ನು ನಿಷೇಧಿಸಬೇಕಾಯಿತು. ಆದುದರಿಂದ ನಾವು ಕೇಳುತ್ತಿರುವ ಪ್ರಶ್ನೆ ಕೇವಲ ವಿನೋದದ್ದಲ್ಲ.

ಹೊಡೆತದ ಅಳತೆ

ಬಂದೂಕಿನ ಗುಂಡಿನ ವೇಗವನ್ನು ತೂಗುಹಾಕಿದ ಮರದ ದಿಮ್ಮಿಯ ಸಹಾಯದಿಂದ ಅಳೆಯುವ ವಿಧಾನವನ್ನು ಕಾಲೇಜಿನ ವಿದ್ಯಾರ್ಥಿಗಳು ಓದಿರುತ್ತಾರೆ. ಗುಂಡು ದಿಮ್ಮಿಯಲ್ಲಿ ನಾಟಿಕೊಳ್ಳುತ್ತದೆ. ದಿಮ್ಮಿಯು ಲೋಲಕದಂತೆ ಮೇಲೇರುತ್ತದೆ. ಎಷ್ಟು ಎತ್ತರ ಏರಿತೆಂಬುದರಿಂದ ಗುಂಡಿನ ಸಂವೇಗವನ್ನು ಲೆಕ್ಕಹಾಕಬಹುದು. ಇದೇ ತತ್ತ್ವವನ್ನನುಸರಿಸಿ, ತೂಗುಬಿಟ್ಟ ಮೆತ್ತೆಹೊದಿಸಿದ ಗುರಿಯೊಂದಕ್ಕೆ ಅಳತೆಯ ಉಪಕರಣಗಳನ್ನು ಜೋಡಿಸಿ, ಬ್ರಿಟನ್ನಿನ ಭಾರತೂಕದ ಮುಷ್ಟಿಮಲ್ಲ ಫ್ರ್ಯಾಂಕ್ ಬ್ರೂನೊ ಎಂಬಾತನ ಹೊಡೆತವನ್ನು ಅಳೆದರು. ಫಲಿತಾಂಶಗಳು 1985ರಲ್ಲಿ ಪ್ರಕಟವಾದುವು.

ಮುಷ್ಟಿಯು 0.1 ಸೆಕೆಂಡಿನಲ್ಲಿ 0.49 ಮೀಟರು ಚಲಿಸಿತು. ಗುರಿಯನ್ನು ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 8.9 ಮೀಟರು. ತಾಗಿದ 14 ಮಿಲಿಸೆಕೆಂಡುಗಳೊಳಗೆ ಬಲವು 4,096 ನ್ಯೂಟನ್ನಿಗೆ ಏರಿತು. ಗುರಿಯ ವೇಗೋತ್ಕರ್ಷ ಗುರುತ್ವದ 53ರಷ್ಟಾಯಿತು. 6 ಕಿಲೋಗ್ರಾಂ ತೂಕದ ಮೆತ್ತೆಸುತ್ತಿದ ಮರದ ಕೊಡತಿಯನ್ನು ಅದೇ ವೇಗದಲ್ಲಿ ಬೀಸಿದರೆ ಇಂತಹ ಪೆಟ್ಟು ಬೀಳುವುದೆಂದು ಸಂಶೋಧಕರು ಹೋಲಿಸಿದರು.

ಈ ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನಾವೇ ಪರೀಕ್ಷಿಸಬಹುದು. 6 ಕಿಲೋಗ್ರಾಮನ್ನು 8.9ರಿಂದ ಗುಣಿಸಿದರೆ ಸಂವೇಗವು ಸುಮಾರು 53 ಏಕಮಾನಗಳು. ಬಲವು ಶೂನ್ಯದಿಂದ ಏರಿ ಮತ್ತೆ ಶೂನ್ಯಕ್ಕಿಳಿಯುವ ನಕ್ಷೆಯನ್ನು ಒಂದು ತ್ರಿಕೋನವೆಂದು ಭಾವಿಸೋಣ. ಅದರ ವಿಸ್ತೀರ್ಣವೇ ಆವೇಗ. ಅದು ಸಂವೇಗಕ್ಕೆ ಸಮ. ಆದುದರಿಂದ ಸಂಪರ್ಕದ ಕಾಲವು 53ರ ಎರಡರಷ್ಟನ್ನು 4,096ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 26 ಮಿಲಿಸೆಕೆಂಡು. ಬಲವು 14ನೆಯ ಮಿಲಿಸೆಕೆಂಡಿನೊಳಗೆ ಶಿಖರವನ್ನು ಮುಟ್ಟಿತೆಂಬ ಅಳತೆಗೆ ಇದು ಚೆನ್ನಾಗಿಯೇ ಒಪ್ಪುತ್ತದೆ. ಕಣ್ಣೆವೆ ಮುಚ್ಚಿ ತೆರೆಯುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು.

ಪಾದದಿಂದ ಮುಷ್ಟಿಗೆ

ಈಗ ಆ 6 ಕಿಲೋಗ್ರಾಂ ಎಂಬ ಅಂಕಿಯನ್ನು ಗಮನಿಸೋಣ. 100 ಕಿಲೋಗ್ರಾಂ ತೂಗುವ ಮನುಷ್ಯನ ಇಡೀ ತೋಳು ಸುಮಾರು 5 ಕಿಲೋಗ್ರಾಂ ಇದ್ದೀತು. ಮುಷ್ಟಿಯು ಒಂದು ಕಿಲೋಗ್ರಾಂ ಕೂಡ ಇಲ್ಲ. ಅದರಲ್ಲಿಯೂ ತೋಳಿನ ಬುಡವು ಮುಷ್ಟಿಯಷ್ಟು ವೇಗವಾಗಿ ಚಲಿಸುವುದಿಲ್ಲ. ಹಾಗಾದರೆ 6 ಕಿಲೋಗ್ರಾಮಿನ ಪೆಟ್ಟು ಎಲ್ಲಿಂದ ಬಂದಿತು? ತೋಳಿನ ಹಿಂದೆ ಭುಜ, ಭುಜದ ಹಿಂದೆ ಸೊಂಟ, ಸೊಂಟದ ಹಿಂದೆ ಕಾಲು, ಇವೆಲ್ಲವೂ ಹೊಡೆತದಲ್ಲಿ ಪಾಲುಗೊಂಡಿವೆಯೆಂಬುದೇ ಇದರ ಅರ್ಥ.

ಸೋವಿಯತ್ ಸಂಶೋಧಕರು ನೇರವಾದ ಹೊಡೆತದಲ್ಲಿ ಯಾವ ಅಂಗದ ಪಾಲು ಎಷ್ಟೆಂಬುದನ್ನು ಕಂಡುಹಿಡಿದರು. ಇದೂ 1985ರಲ್ಲಿ ಪ್ರಕಟವಾಯಿತು. ನುರಿತ ಮುಷ್ಟಿಮಲ್ಲರಲ್ಲಿ ಹಿಂಗಾಲಿನ ಒತ್ತುವಿಕೆಯ ಪಾಲು ಶೇಕಡ 38, ಮೈತಿರುವಿನ ಪಾಲು ಶೇಕಡ 37, ತೋಳನ್ನು ಚಾಚುವುದರ ಪಾಲು ಶೇಕಡ 24 ಮಾತ್ರ. ಕೆಳದರ್ಜೆಯವರಲ್ಲಿ ಕಾಲಿನ ಪಾಲು ಶೇಕಡ 17ಕ್ಕೆ ಇಳಿದು, ತೋಳಿನ ಪಾಲು ಶೇಕಡ 38ಕ್ಕೆ ಏರಿತ್ತು. ನುರಿತವನು ಪಾದದಿಂದ ಹೊಡೆಯುತ್ತಾನೆ, ನುರಿಯದವನು ತೋಳಿನಿಂದ ಹೊಡೆಯುತ್ತಾನೆ. ಬ್ರಿಟನ್ನಿನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಇನ್ನೊಂದು ಅಳತೆಯಲ್ಲಿ, ಹಿಂದಿನ ಕೈಯ ಹೊಡೆತದ ಗರಿಷ್ಠ ಬಲವು ಉತ್ತಮ ದರ್ಜೆಯವರಲ್ಲಿ ಸರಾಸರಿ 4,800 ನ್ಯೂಟನ್, ಮಧ್ಯಮ ದರ್ಜೆಯವರಲ್ಲಿ 3,722, ಹೊಸಬರಲ್ಲಿ 2,381 ನ್ಯೂಟನ್ ಆಗಿದ್ದಿತು. ಹೊಸಬರ ಹೊಡೆತಕ್ಕೆ ಇದರ ಅರ್ಧದಷ್ಟೇ ಬಲ!

ಕಾಲಿನ ಈ ಪ್ರಾಮುಖ್ಯಕ್ಕೆ ಕಾರಣ ನ್ಯೂಟನ್ನನ ಮೂರನೆಯ ನಿಯಮ. ಮುಷ್ಟಿಯು ಮುಂದಕ್ಕೆ ಹೋಗಬೇಕಾದರೆ ಪಾದವು ಭೂಮಿಯನ್ನು ಹಿಂದಕ್ಕೆ ಒತ್ತಬೇಕು. ಪಾಚಿಗಟ್ಟಿದ ಬಾವಿಕಟ್ಟೆಯ ಮೇಲೆ ನಿಂತು ಭೀಮಸೇನನೇ ಗುದ್ದಿದರೂ ಪೆಟ್ಟಿನಲ್ಲಿ ಸತ್ತ್ವವಿರುವುದಿಲ್ಲ. ವಾಚಕರು ಇದನ್ನು ಸುಲಭವಾಗಿ ಪರೀಕ್ಷಿಸಬಹುದು. ಚೆಂಡೊಂದನ್ನು ಮೊದಲು ಕುರ್ಚಿಯಲ್ಲಿ ಕುಳಿತು ಎಸೆಯಿರಿ. ಆಮೇಲೆ ನಿಂತು, ಅಲುಗಾಡದೆ ಎಸೆಯಿರಿ. ಕೊನೆಗೆ ಒಂದು ಹೆಜ್ಜೆ ಮುಂದಿಟ್ಟು ಮೈತಿರುವಿ ಎಸೆಯಿರಿ. ಮೂರು ದೂರಗಳನ್ನೂ ಅಳೆದು ನೋಡಿ. ತೋಳು ಅದೇ, ಚೆಂಡು ಅದೇ. ಬದಲಾದುದು ತೋಳಿನ ಹಿಂದಿರುವ ದೇಹದ ಪಾಲು ಮಾತ್ರ.

ಡೆಂಪ್ಸಿಯು 1950ರಲ್ಲಿ ಬರೆದ 'ಚಾಂಪಿಯನ್‌ಷಿಪ್ ಫೈಟಿಂಗ್' ಎಂಬ ಪುಸ್ತಕದಲ್ಲಿ 'ಬೀಳುಹೆಜ್ಜೆ' ಎನ್ನಬಹುದಾದ ಒಂದು ಉಪಾಯವನ್ನು ವಿವರಿಸಿದ್ದಾನೆ. ಮುಂಗಾಲನ್ನು ಥಟ್ಟನೆ ಎತ್ತಿ ದೇಹವನ್ನು ಮುಂದಕ್ಕೆ ಬೀಳಗೊಟ್ಟು, ಪಾದವು ನೆಲವನ್ನು ಮುಟ್ಟುವ ಮೊದಲೇ ಪೆಟ್ಟನ್ನು ತಾಗಿಸುವುದು ಇದರ ಮರ್ಮ. 85 ಕಿಲೋಗ್ರಾಂ ತೂಕದ ದೇಹದ ಗುರುತ್ವಕೇಂದ್ರವು 10 ಸೆಂಟಿಮೀಟರು ಇಳಿಯಿತೆನ್ನೋಣ. ಬಿಡುಗಡೆಯಾಗುವ ಶಕ್ತಿ 85 × 9.8 × 0.1, ಎಂದರೆ ಸುಮಾರು 83 ಜೂಲ್. ಮೇಲೆ ಹೇಳಿದ 6 ಕಿಲೋಗ್ರಾಮಿನ ಕೊಡತಿಯ ಚಲನಶಕ್ತಿ ಸುಮಾರು 240 ಜೂಲ್. ಬಿದ್ದ ಶಕ್ತಿಯೆಲ್ಲವೂ ಮುಷ್ಟಿಗೆ ಬಂದು ಸೇರದಿದ್ದರೂ, ಒಂದು ಹೊಡೆತದ ಮೂರನೆಯ ಒಂದು ಪಾಲಿನಷ್ಟು ಶಕ್ತಿಯನ್ನು ಭೂಮಿಯೇ ಸಾಲ ಕೊಟ್ಟಂತಾಯಿತು. 26 ಕಿಲೋಗ್ರಾಂ ಹೆಚ್ಚು ತೂಗುತ್ತಿದ್ದ ವಿಲರ್ಡನು ಉರುಳಿದುದರಲ್ಲಿ ಇನ್ನು ಆಶ್ಚರ್ಯವೇನಿದೆ?

ಶಕ್ತಿಯು ಪಾದದಿಂದ ಹೊರಟರೆ ಸಾಲದು, ದಾರಿಯಲ್ಲಿ ಸೋರಬಾರದು. ಹಿಡಿಯು ಸಡಿಲವಾದ ಸುತ್ತಿಗೆಯಿಂದ ಮೊಳೆ ಹೊಡೆದವರಿಗೆ ಇದು ಗೊತ್ತು. ಮಣಿಕಟ್ಟು ಮಣಿದರೆ, ಮೊಣಕೈ ಸಡಿಲಿದರೆ, ಹಿಂದಿರುವ ದೇಹವು ಇದ್ದೂ ಇಲ್ಲದಂತೆ. ಪೆಟ್ಟು ತಾಗುವ ಕ್ಷಣದಲ್ಲಿ ಮಾತ್ರ ಕೀಲುಗಳನ್ನು ಬಿಗಿದು, ಉಳಿದ ಹೊತ್ತಿನಲ್ಲಿ ಸಡಿಲವಾಗಿಟ್ಟುಕೊಳ್ಳುವುದು ವರ್ಷಗಟ್ಟಲೆಯ ಅಭ್ಯಾಸದ ಫಲ. ಅಂಗೈಯಲ್ಲಿ ಕಿರುಬೆರಳಿನ ಬುಡಕ್ಕೆ ಹೋಗುವ ಎಲುಬು ಮುರಿಯುವುದಕ್ಕೆ ವೈದ್ಯರು 'ಬಾಕ್ಸರನ ಮುರಿತ' ಎಂದು ಹೆಸರಿಟ್ಟಿದ್ದಾರೆ. ಆದರೆ ಆ ಮುರಿತವು ಹೆಚ್ಚಾಗಿ ಕಾಣುವುದು ಕೋಪದಿಂದ ಗೋಡೆಯನ್ನೋ ಇನ್ನೊಬ್ಬರ ತಲೆಯನ್ನೋ ಗುದ್ದಿದವರಲ್ಲಿ. ಹೆಸರು ಮುಷ್ಟಿಮಲ್ಲನದು, ಮೂಳೆ ಬೀದಿಯ ಗಟ್ಟಿಗನದು!

ನೇರದಾರಿ, ಬಳಸುದಾರಿ

ಬೀದಿಯ ಹೊಡೆದಾಟದಲ್ಲಿ ಕೈಯನ್ನು ಬೆನ್ನಹಿಂದಕ್ಕೆ ಕೊಂಡೊಯ್ದು ಅರ್ಧವೃತ್ತದಲ್ಲಿ ಬೀಸುವುದು ವಾಡಿಕೆ. ನೋಡುವವರಿಗೆ ಇದು ಭಯಂಕರ. ತೋಳಿನ ಉದ್ದವನ್ನು 0.7 ಮೀಟರೆಂದು ಇಟ್ಟುಕೊಂಡರೆ ಆ ಅರ್ಧವೃತ್ತದ ಉದ್ದ ಸುಮಾರು 2.2 ಮೀಟರು. ಬ್ರೂನೊವಿನ ನೇರ ಹೊಡೆತವು ಅರ್ಧ ಮೀಟರನ್ನು ಕ್ರಮಿಸಿದುದು 0.1 ಸೆಕೆಂಡಿನಲ್ಲಿ; ಸರಾಸರಿ ವೇಗ ಸೆಕೆಂಡಿಗೆ 4.9 ಮೀಟರು. ಬೀದಿಯ ಗಟ್ಟಿಗನಿಗೂ ಅದೇ ಸರಾಸರಿ ವೇಗವಿದೆಯೆಂದು ಉದಾರವಾಗಿ ಒಪ್ಪಿಕೊಂಡರೂ, ಅವನ ಮುಷ್ಟಿಯು ಗುರಿಮುಟ್ಟಲು 0.45 ಸೆಕೆಂಡು ಬೇಕು.

ಮನುಷ್ಯನು ಒಂದು ಸಂಗತಿಯನ್ನು ಕಂಡು ಅದಕ್ಕೆ ಪ್ರತಿಯಾಗಿ ಕೈಕಾಲು ಆಡಿಸಲು ಸುಮಾರು 0.2 ಸೆಕೆಂಡು ಹಿಡಿಯುತ್ತದೆ. ಆದುದರಿಂದ ನೇರವಾದ ಹೊಡೆತ ಹೊರಟುದನ್ನು ಕಂಡ ಮೇಲೆ ತಪ್ಪಿಸಿಕೊಳ್ಳಲು ಯಾರಿಗೂ ಸಾಧ್ಯವಿಲ್ಲ. ಎದುರಾಳಿಯ ಭುಜ, ಪಾದ, ತೂಕದ ವಾಲಿಕೆ ಇವುಗಳಿಂದ ಅದನ್ನು ಮುಂಚಿತವಾಗಿಯೇ ಊಹಿಸಬೇಕು. ಬಳಸುದಾರಿಯ ಹೊಡೆತವನ್ನಾದರೋ ಕಂಡು, ಪಕ್ಕಕ್ಕೆ ಸರಿದು, ತಿರುಗಿ ಹೊಡೆಯುವಷ್ಟು ವೇಳೆಯಿದೆ. ಬೀಸಿದ ಕೈ ಗುರಿತಪ್ಪಿದಾಗ ಇನ್ನೊಂದು ಅನರ್ಥವೂ ಆಗುತ್ತದೆ. ದೇಹದ ಗುರುತ್ವಕೇಂದ್ರದಿಂದ ಕೆಳಗಿಳಿಸಿದ ಲಂಬರೇಖೆಯು ಎರಡು ಪಾದಗಳ ನಡುವಣ ಆಧಾರದಿಂದ ಹೊರಗೆ ಬೀಳುತ್ತದೆ. ಆಗ ಅವನನ್ನು ಕೆಡವಲು ಹೆಚ್ಚು ಬಲವೇನೂ ಬೇಕಿಲ್ಲ.

ಪೆಟ್ಟನ್ನು ತಾಳುವ ವಿದ್ಯೆ

ಹೊಡೆಯುವುದಕ್ಕಿಂತ ಕಷ್ಟವಾದುದು ಹೊಡೆತವನ್ನು ತಾಳುವುದು. ರಭಸದಿಂದ ಬರುವ ಕ್ರಿಕೆಟ್ ಚೆಂಡನ್ನು ಹಿಡಿಯುವವನು ಅಂಗೈಗಳನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತಾನೆ. ಚೆಂಡಿನ ಸಂವೇಗವು ಬದಲಾಗುವುದಿಲ್ಲ. ಆದರೆ ಅದು ನಿಲ್ಲಲು ತೆಗೆದುಕೊಳ್ಳುವ ಕಾಲ ಹೆಚ್ಚುತ್ತದೆ. ಕಾಲ ಎರಡರಷ್ಟಾದರೆ ಸರಾಸರಿ ಬಲವು ಅರ್ಧವಾಗುತ್ತದೆ. ಪಳಗಿದ ಮುಷ್ಟಿಮಲ್ಲನು ಪೆಟ್ಟು ಬರುವ ದಿಕ್ಕಿಗೇ ತಲೆಯನ್ನು ಸರಿಸಿ ಇದೇ ಲಾಭವನ್ನು ಪಡೆಯುತ್ತಾನೆ. ಬೀದಿಯ ಗಟ್ಟಿಗನು ಕೋಪದಿಂದ ಮುನ್ನುಗ್ಗುತ್ತಾನೆ. ಆಗ ಎರಡು ವೇಗಗಳೂ ಕೂಡಿಕೊಳ್ಳುತ್ತವೆ, ಮತ್ತು ಆ ಮೊತ್ತವು ಅವನ ದವಡೆಗೇ ಸಲ್ಲುತ್ತದೆ.

ದವಡೆಯ ತುದಿಯು ಕತ್ತಿನ ಅಕ್ಷದಿಂದ ದೂರದಲ್ಲಿದೆ. ಬಾಗಿಲನ್ನು ಕೀಲಿನ ಬಳಿ ತಳ್ಳುವುದಕ್ಕೂ ಚಿಲಕದ ಬಳಿ ತಳ್ಳುವುದಕ್ಕೂ ಇರುವ ವ್ಯತ್ಯಾಸ ನಮಗೆ ತಿಳಿದುದೇ. ಅದರಂತೆ ಗಲ್ಲದ ತುದಿಗೆ ಬಿದ್ದ ಪೆಟ್ಟು ತಲೆಯನ್ನು ಥಟ್ಟನೆ ತಿರುಗಿಸುತ್ತದೆ. ತಲೆಬುರುಡೆ ತಿರುಗಿದರೂ ಒಳಗಿನ ಮೃದುವಾದ ಮಿದುಳು ಜಡತ್ವದಿಂದ ಹಿಂದುಳಿಯುತ್ತದೆ. ಅದರ ಎಳೆಗಳು ಜಗ್ಗಿಹೋಗುತ್ತವೆ. ಮನುಷ್ಯನು ಪ್ರಜ್ಞೆ ತಪ್ಪುತ್ತಾನೆ. ಗಲ್ಲವನ್ನು ಎದೆಯ ಕಡೆಗೆ ತಗ್ಗಿಸಿ ಕತ್ತನ್ನು ಬಿಗಿಹಿಡಿದರೆ, ತಲೆಯ ಜೊತೆಗೆ ಮುಂಡವೂ ಪೆಟ್ಟನ್ನು ಹಂಚಿಕೊಳ್ಳುತ್ತದೆ. ಗಲ್ಲವನ್ನು ಎತ್ತಿ ಸವಾಲು ಹಾಕುವವನು ತನ್ನ ಸನ್ನೆಗೋಲನ್ನು ಶತ್ರುವಿನ ಕೈಗೇ ಕೊಟ್ಟಂತೆ.

ಉಸಿರಿನ ಆಯವ್ಯಯ

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ನಿಜವಾಗಿಯೂ ಬಲಿಷ್ಠನಾದ ಗಟ್ಟಿಗನು ಒಂದೇ ಸಮನೆ ಹೊಡೆಯತೊಡಗಿದರೆ ಒಂದಾದರೂ ಪೆಟ್ಟು ತಾಗಬಾರದೇಕೆ? ತಾಗಬಹುದು, ಆದರೆ ಅದು ಮೊದಲ ನಿಮಿಷದಲ್ಲಿಯೇ ತಾಗಬೇಕು. ಲೆಕ್ಕವನ್ನು ನೋಡಿ. ಒಂದು ಪೂರ್ಣ ಹೊಡೆತದ ಶಕ್ತಿ 240 ಜೂಲ್. ನಮ್ಮ ಸ್ನಾಯುಗಳು ತಾವು ವ್ಯಯಮಾಡಿದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗವನ್ನು ಕೆಲಸವಾಗಿ ಮಾರ್ಪಡಿಸುತ್ತವೆ. ಉಳಿದುದು ಶಾಖವಾಗಿ ಹೋಗುತ್ತದೆ. ಎಂದರೆ ಒಂದು ಹೊಡೆತದ ಖರ್ಚು ಸುಮಾರು 1,000 ಜೂಲ್. ಆರೋಗ್ಯವಂತನಾದ ಸಾಮಾನ್ಯ ಯುವಕನು ನಿಮಿಷಕ್ಕೆ ಸುಮಾರು 3 ಲೀಟರು ಆಮ್ಲಜನಕವನ್ನು ಬಳಸಬಲ್ಲ. ಒಂದು ಲೀಟರಿನಿಂದ ದೊರೆಯುವ ಶಕ್ತಿ ಸುಮಾರು 20,000 ಜೂಲ್. ಆದುದರಿಂದ ಅವನ ವರಮಾನ ಸೆಕೆಂಡಿಗೆ 1,000 ಜೂಲ್. ಸೆಕೆಂಡಿಗೊಂದು ಪೂರ್ಣ ಹೊಡೆತ ಹೊಡೆದರೆ ವರಮಾನವೆಲ್ಲವೂ ಅದಕ್ಕೇ ಮುಗಿಯಿತು! ಓಡಾಡಲು, ತಪ್ಪಿಸಿಕೊಳ್ಳಲು, ಭಯದಿಂದ ಬಿಗಿದುಕೊಂಡ ಸ್ನಾಯುಗಳನ್ನು ಪೋಷಿಸಲು ಸಾಲ ಮಾಡಬೇಕು. ಮೊದಲ ಹತ್ತು ಸೆಕೆಂಡುಗಳ ಮಟ್ಟಿಗೆ ಸ್ನಾಯುವಿನಲ್ಲಿ ಸಿದ್ಧವಾಗಿರುವ ಸಂಗ್ರಹವಿದೆ. ಆಮೇಲೆ ಆಮ್ಲಜನಕವಿಲ್ಲದೆಯೇ ಸಕ್ಕರೆಯನ್ನು ಒಡೆಯುವ ಕ್ರಮವು ಒಂದೆರಡು ನಿಮಿಷ ಕೈಹಿಡಿಯುತ್ತದೆ. ಅನಂತರ ತೋಳುಗಳು ಸೀಸದಂತೆ ಭಾರವಾಗುತ್ತವೆ.

1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬರಿ ನಿಯಮಗಳ ಪ್ರಕಾರ ಒಂದು ಸುತ್ತಿಗೆ ಮೂರು ನಿಮಿಷ, ನಡುವೆ ಒಂದು ನಿಮಿಷದ ವಿರಾಮ. ಮೂರು ನಿಮಿಷವೆಂಬುದು ಓದುವವರಿಗೆ ಅಲ್ಪ. ಕಣದಲ್ಲಿರುವವನಿಗೆ ಅದು ಯುಗ. ಸಲಿವನ್ನನು 1889ರ ಜುಲೈ 8ರಂದು ಮಿಸಿಸಿಪಿಯ ಬಿಸಿಲಿನಲ್ಲಿ ಜೇಕ್ ಕಿಲ್ರೇನನೊಡನೆ ಬರಿಗೈಯಲ್ಲಿ 75 ಸುತ್ತು, ಎರಡು ಗಂಟೆಗೂ ಮಿಕ್ಕಿ ಹೋರಾಡಿ ಗೆದ್ದನು. ಹಳೆಯ ನಿಯಮಗಳಂತೆ ಒಬ್ಬನು ನೆಲಕ್ಕೆ ಬಿದ್ದಾಗಲೇ ಒಂದು ಸುತ್ತು ಮುಗಿಯುತ್ತಿತ್ತು. ಕುಡಿತದಿಂದ ಮೈಕೆಡಿಸಿಕೊಂಡಿದ್ದ ಅವನನ್ನು ವಿಲಿಯಂ ಮಲ್ಡೂನ್ ಎಂಬ ಕುಸ್ತಿಪಟುವು ಅದಕ್ಕೆ ಮೊದಲು ಕಟ್ಟುನಿಟ್ಟಾಗಿ ಪಳಗಿಸಿದ್ದನು. ಮೂರು ವರ್ಷಗಳ ತರುವಾಯ, ಅಂತಹ ಸಿದ್ಧತೆಯಿಲ್ಲದೆ ಕಾರ್ಬೆಟ್ಟನ ಎದುರು ನಿಂತಾಗ ಅದೇ ಸಲಿವನ್ನನು ಗಾಳಿಯನ್ನು ಗುದ್ದಿ ಗುದ್ದಿ ದಣಿದನು. ಸಾಧನೆಯನ್ನು ಬಿಟ್ಟರೆ ಮಲ್ಲನೂ ಗಟ್ಟಿಗನಾಗಿಬಿಡುತ್ತಾನೆ. ಇದಕ್ಕೆ ವಿಲೋಮವೂ ನಿಜ. ಡೆಂಪ್ಸಿಯು ತಾರುಣ್ಯದಲ್ಲಿ ಕಾಲರಾಡೊ, ಯೂಟಾ ಪ್ರಾಂತಗಳ ಗಣಿಯೂರುಗಳ ಪಾನಗೃಹಗಳಿಗೆ ನುಗ್ಗಿ ಸವಾಲು ಹಾಕುತ್ತಿದ್ದವನೇ. ಕಲಿತುದರಿಂದ ಅವನು ಮಲ್ಲನಾದನು.

ನೆಲಕ್ಕೆ ನಿಯಮಗಳಿಲ್ಲ

ಮುಷ್ಟಿಮಲ್ಲರ ಗುಣಗಾನ ಮಾಡಿ ಮುಗಿಸುವುದು ನ್ಯಾಯವಲ್ಲ. 1928ರಲ್ಲಿ ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲೆಂಡರು, ವರ್ಷಗಟ್ಟಲೆ ತಲೆಗೆ ಪೆಟ್ಟುತಿಂದ ಮುಷ್ಟಿಮಲ್ಲರಲ್ಲಿ ನಡಿಗೆ ತಡವರಿಸುವುದನ್ನೂ ಬುದ್ಧಿ ಮಂಕಾಗುವುದನ್ನೂ ವಿವರಿಸಿ ಬರೆದರು. ಕೈಗವಸು ಮುಖ್ಯವಾಗಿ ಕಾಪಾಡುವುದು ಹೊಡೆಯುವವನ ಕೈಯನ್ನು, ಹೊಡೆಸಿಕೊಂಡವನ ಮಿದುಳನ್ನಲ್ಲ. ವಿದ್ಯೆಯು ಪೆಟ್ಟುಗಳ ಸಂಖ್ಯೆಯನ್ನು ಕಡಮೆಮಾಡುತ್ತದೆಯೇ ಹೊರತು ಮಿದುಳನ್ನು ಕಲ್ಲಾಗಿಸುವುದಿಲ್ಲ.

ಆದರೂ ಕಣದಲ್ಲಿ ಮೆತ್ತೆಯ ನೆಲವಿದೆ, ಹತ್ತನ್ನು ಎಣಿಸುವ ತೀರ್ಪುಗಾರನಿದ್ದಾನೆ, ಪಕ್ಕದಲ್ಲಿ ವೈದ್ಯನಿದ್ದಾನೆ. ಬೀದಿಯಲ್ಲಿ ಇವಾವುವೂ ಇಲ್ಲ. ಅಲ್ಲಿ ಅನೇಕವೇಳೆ ಕೊಲ್ಲುವುದು ಮುಷ್ಟಿಯಲ್ಲ, ನೆಲ. ಪ್ರಜ್ಞೆತಪ್ಪಿ ಬೀಳುವವನು ಕೈಯೂರುವುದಿಲ್ಲ. ತಲೆಯು 1.6 ಮೀಟರು ಎತ್ತರದಿಂದ ತಡೆಯಿಲ್ಲದೆ ಬಿದ್ದಿತೆಂದು ಅಂದಾಜು ಮಾಡಿದರೆ, ನೆಲವನ್ನು ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 5.6 ಮೀಟರು. ಕಲ್ಲುಹಾಸಿನ ಮೇಲೆ ಅದು 5 ಮಿಲಿಮೀಟರಿನೊಳಗೆ ನಿಂತಿತೆನ್ನೋಣ. ವೇಗದ ವರ್ಗವನ್ನು ಆ ದೂರದ ಎರಡರಷ್ಟರಿಂದ ಭಾಗಿಸಿದರೆ ವೇಗೋತ್ಕರ್ಷವು ಗುರುತ್ವದ ಸುಮಾರು 320ರಷ್ಟಾಗುತ್ತದೆ. ಬ್ರೂನೊವಿನ ಹೊಡೆತವು ಗುರಿಗೆ ಕೊಟ್ಟುದು 53ರಷ್ಟು. ಯಾವ ಭಾರತೂಕದ ಮಲ್ಲನೂ ಬೀದಿಯ ಕಲ್ಲಿನಷ್ಟು ಬಲವಾಗಿ ಹೊಡೆಯಲಾರ. "ಒಂದೇ ಏಟು ಕೊಟ್ಟೆ, ಅಷ್ಟೆ" ಎಂದು ನ್ಯಾಯಾಲಯದಲ್ಲಿ ಅಳುವವರು ಈ ಲೆಕ್ಕವನ್ನು ಮೊದಲೇ ಮಾಡಿರುವುದಿಲ್ಲ.

ಕಾಲೇಜಿನ ಅಂಗಳದಲ್ಲಿಯೋ ಬಸ್ಸುನಿಲ್ದಾಣದಲ್ಲಿಯೋ ಯಾರಾದರೂ ತೋಳೇರಿಸಿ ನಿಮ್ಮನ್ನು ಕರೆದರೆ, ಅವನ ತೋಳನ್ನು ನೋಡುವ ಮೊದಲು ನಿಮ್ಮಿಬ್ಬರ ಕಾಲ ಕೆಳಗಿನ ನೆಲವನ್ನು ನೋಡಿ. ಅದು ಕಲ್ಲಾಗಿದ್ದರೆ, ಅಲ್ಲಿಂದ ಹೊರಟುಬಿಡುವುದೇ ಭೌತವಿಜ್ಞಾನವನ್ನು ಓದಿದವರಿಗೆ ತಕ್ಕುದಾದ ಪೌರುಷ.